ಅರವತ್ತೆರಡು ಅಂದರೆ ಫಸ್ಟ್ ಕ್ಲಾಸು

"ಅಲ್ರೀ ಸರ್ರ, ನಾ ಎಲ್ಲಿ ಅವರನ್ನ ಫೇಲ್ ಮಾಡೀನ್ರಿ? ಫಸ್ಟ್ ಕ್ಲಾಸ್ ಕೊಟ್ಟೀನಿ!"

ಪರ್ವೀನ್ ಈ ಮಾತನ್ನು ಮೂರನೇ ಸಲ ಹೇಳಿದಳು. ವೆಂಕಟಾಚಲ ಮೂರನೇ ಸಲವೂ ತಲೆಯ ಮೇಲೆ ಕೈ ಹೊತ್ತು ಕೂತ. ಫ್ರೀಮಾಂಟಿನ ಅವನ ಮನೆಯ ಗರಾಜಿನಲ್ಲಿ, ವಾಷಿಂಗ್ ಮೆಷಿನ್ನಿಗೂ ಅಕ್ಕಿ ಮೂಟೆಗಳಿಗೂ ನಡುವೆ ಹಾಕಿದ್ದ ಮಡಿಚುವ ಮೇಜಿನ ಮೇಲೆ ಒಂದು ನುಣುಪಾದ ಕರಪತ್ರ ಬಿದ್ದಿತ್ತು. ಅದರಲ್ಲಿ ಅಮೆರಿಕದ ಸಂಸತ್ತಿನ ಸದಸ್ಯೆ ಲೊರೇನ್ ಫರ್ಟಾಡೋ ಅವರ ಫೋಟೋ. ಸೀನು ಬರುವ ಹೊತ್ತಿಗೆ ತೆಗೆದಂಥದ್ದು. ಪಕ್ಕದಲ್ಲಿ ಕುಂಬಳಕಾಯಿ ಗಾತ್ರದ ಕೆಂಪು 'ಡಿ' ಅಕ್ಷರ. ಕೆಳಗೆ, 'ಈಕೆ ಯಾರಿಗಾಗಿ ದುಡಿಯುತ್ತೇನೆ ಎನ್ನುತ್ತಾರೋ ಆ ವಲಸೆಗಾರರೇ ಕೊಟ್ಟ ದರ್ಜೆ ಇದು. ನೀವೆಷ್ಟು ಕೊಡುತ್ತೀರಿ?' ನವೆಂಬರಿನ ಚುನಾವಣೆಯಲ್ಲಿ ಆಕೆಯ ಎದುರು ನಿಂತಿದ್ದವನು ಕ್ಷೇತ್ರದ ಮನೆಮನೆಗೂ ಅಂಚೆಯಲ್ಲಿ ಕಳಿಸಿದ್ದ ಕರಪತ್ರ ಅದು.

"ಅಮ್ಮಿ, ಸಿಕ್ಸ್ಟಿಟೂ ಈಸ್ ಎ ಡಿ," ಎಂದಳು ಅಕ್ಕಿ ಮೂಟೆಯ ಮೇಲೆ ಕೂತಿದ್ದ ಮಗಳು ನಬೀಲಾ. "ನೈಂಟಿ ಬಂದ್ರೆ ಎ. ಬಿಲೋ ಸಿಕ್ಸ್ಟಿ ಈಸ್ ಎಫ್. ಡಿ ಬಂದ್ರೆ ನನ್ನ ಟೀಚರ್ ನಿಂಗೆ ಫೋನ್ ಮಾಡ್ತಾರೆ."

"ಅರವತ್ತಕ್ಕ ಯಾರರ ಫೋನ್ ಮಾಡ್ತಾರೇನು! ಅರವತ್ತಕ್ಕ ಹಾರ ಹಾಕ್ತಾರ."

ವೆಂಕಟಾಚಲನ ಹೆಂಡತಿ ನಿರುಪಮಾ ಕಾಫಿ ಲೋಟವನ್ನು ಬಾಯಿಗೆ ಅಡ್ಡ ಹಿಡಿದು ನಗುವನ್ನು ನುಂಗಿದಳು. ಅವಳು ಡಾಕ್ಟರು. ಗಂಡನ ಸಂಘದ ಸಂಕಟಗಳೆಲ್ಲ ಅವಳಿಗೆ ನೆಗಡಿಯ ಲೆಕ್ಕ.

ಸಂಘದ ಹೆಸರು ವಲಸೆಗಾರರ ವೇದಿಕೆ. ವೀಸಾದ ಮೇಲೆ ಬಂದು ಗ್ರೀನ್ ಕಾರ್ಡಿಗೆ ಕಾದು ಕೂತ ಇಂಜಿನಿಯರುಗಳೇ ಅದರಲ್ಲಿ ಹೆಚ್ಚು. ವೆಂಕಟಾಚಲ ಅಧ್ಯಕ್ಷ. ಚುನಾವಣೆ ಬಂತೆಂದರೆ ವೇದಿಕೆ ಒಂದು ಅಂಕಪಟ್ಟಿ ಹೊರಡಿಸುತ್ತಿತ್ತು. ವಲಸೆಯ ಮಸೂದೆಗಳ ಬಗ್ಗೆ ಯಾವ ಸಂಸತ್ ಸದಸ್ಯ ಹೇಗೆ ನಡೆದುಕೊಂಡ ಎಂದು ನೂರಕ್ಕೆ ಇಷ್ಟು ಅಂತ. ವಾಷಿಂಗ್ಟನ್ನಿನ ದೊಡ್ಡ ಸಂಘಗಳೂ ಹೀಗೇ ಮಾಡುತ್ತವೆ. ಐದಾರು ಮತದಾನ ಆರಿಸಿಕೊಳ್ಳುವುದು, ನಮ್ಮ ಪರ ಕೈಯೆತ್ತಿದವರಿಗೆ ಒಂದು ಕೂಡು, ವಿರುದ್ಧ ಎತ್ತಿದವರಿಗೆ ಒಂದು ಕಳೆ, ಕೊನೆಗೆ ಶೇಕಡಾ ಹಾಕುವುದು. ಹಿಂದಿನ ಸಲ ವೆಂಕಟಾಚಲನೇ ಹಾಕಿದ್ದ. ಅವನ ಜೊತೆ ನಿಂತು ಫೋಟೋ ತೆಗೆಸಿಕೊಂಡವರಿಗೆಲ್ಲ ನೂರಕ್ಕೆ ನೂರು ಬಂದಿತ್ತು.

ಈ ವರ್ಷ, ಎರಡು ಸಾವಿರದ ಇಸವಿಯಲ್ಲಿ, ಅವನ ಸ್ಟಾರ್ಟಪ್ಪು ಇಂಟರ್ನೆಟ್ಟಿನಲ್ಲಿ ಹೂವು ಮಾರುವುದಕ್ಕೆ ಹೊರಟು ಅವನಿಗೆ ಉಸಿರಾಡಲೂ ಪುರಸೊತ್ತು ಇರಲಿಲ್ಲ. "ಟೀಚರ್, ನಿಮಗೆ ಪೇಪರ್ ಕರೆಕ್ಷನ್ ಅಭ್ಯಾಸ ಇದೆಯಲ್ಲ" ಎಂದು ಕೆಲಸವನ್ನು ಪರ್ವೀನಳ ಕೈಗಿತ್ತ. ಇದ್ದದ್ದು ನಿಜ. ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ಅವಳು. ಪ್ರತಿ ಬೇಸಿಗೆ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮುಂದೆ ಕೂತವಳು. ಗಂಡ ಶರೀಫನ ವೀಸಾದ ಬಾಲ ಹಿಡಿದು ಬಂದ ಮೇಲೆ ಹೆಂಡತಿಯರ ವೀಸಾಕ್ಕೆ ಕೆಲಸ ಮಾಡುವ ಹಕ್ಕಿಲ್ಲ ಎಂದು ಮನೆಯಲ್ಲಿ ಕೂತಿದ್ದಳು. ವೆಂಕಟಾಚಲ ಕೇಳಿದ ದಿನ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಯಾರೋ ಮತ್ತೆ ಟೀಚರ್ ಎಂದಿದ್ದರು.

ಇಡೀ ಬೇಸಿಗೆ ಲೈಬ್ರರಿಯಲ್ಲಿ ಕೂತು ಸಂಸತ್ತಿನ ಕಲಾಪಗಳನ್ನು ಓದಿದಳು. ಬರೀ ಮತವಲ್ಲ, ಯಾರು ಮಸೂದೆಗೆ ಸಹಿ ಹಾಕಿದರು, ಸಮಿತಿಯಲ್ಲಿ ಯಾರು ಏನು ಕೇಳಿದರು, ಮತಕ್ಕೆ ಹಾಕುವ ಹೊತ್ತಿಗೆ ಯಾರು ಮೆಲ್ಲಗೆ ಎದ್ದು ಹೋದರು, ಎಲ್ಲವನ್ನೂ ನೋಡಿದಳು. ಆಮೇಲೆ ಗದಗಿನಲ್ಲಿ ಹಾಕುತ್ತಿದ್ದ ಹಾಗೇ ಅಂಕ ಹಾಕಿದಳು. 'ನೂರು ದೇವರಿಗೆ, ತೊಂಬತ್ತು ಪುಸ್ತಕ ಬರೆದವನಿಗೆ, ಎಂಬತ್ತು ಮಾಸ್ತರನಿಗೆ, ಉಳಿದದ್ದು ಹುಡುಗರಿಗೆ' ಎಂದು ಅವಳ ಹೆಡ್ಮಾಸ್ತರರು ಹೇಳುತ್ತಿದ್ದರು. ಎಲ್ಲ ಮಸೂದೆಗಳನ್ನೂ ವಿರೋಧಿಸಿದ ಒಬ್ಬ ಮಹಾಶಯನಿಗೆ ಮೂವತ್ಮೂರು ಬಂದಿತ್ತು. ಎರಡು ಅಂಕಕ್ಕೆ ಮನುಷ್ಯ ಫೇಲಾಗುತ್ತಾನಲ್ಲ ಎಂದು ಮರುಗಿ ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡಿದ್ದಳು. ಎಲ್ಲರಿಗಿಂತ ಹೆಚ್ಚು ಬಂದದ್ದು ಲೊರೇನ್ ಫರ್ಟಾಡೋಗೆ, ಅರವತ್ತೆರಡು.

ತಮಾಷೆಯೆಂದರೆ ಅಚ್ಚಿಗೆ ಹೋಗುವ ಮುಂಚೆ ವೇದಿಕೆಯ ಇಂಜಿನಿಯರುಗಳೆಲ್ಲ ಪ್ರೂಫು ನೋಡಿದ್ದರು. ಅಲ್ಪವಿರಾಮಕ್ಕೂ ಜಗಳಾಡಿದ್ದರು. ಅರವತ್ತೆರಡನ್ನು ನೋಡಿ ಒಬ್ಬನೂ ಹುಬ್ಬೇರಿಸಲಿಲ್ಲ. ಮೂವತ್ತೈದಕ್ಕೆ ಪಾಸಾಗುವ ನಾಡಿನಲ್ಲಿ ಬೆಳೆದವರು, ಪರವಾಗಿಲ್ಲ, ಮೇಡಂ ಚೆನ್ನಾಗೇ ಮಾಡಿದ್ದಾರೆ ಎಂದುಕೊಂಡು ಅಚ್ಚಿಗೆ ಕಳಿಸಿದ್ದರು.

"ಬೆಳಿಗ್ಗೆ ಅವರ ಆಫೀಸಿಂದ ಫೋನು," ಎಂದ ವೆಂಕಟಾಚಲ. "ಡಿ ಕೊಟ್ಟೋರಿಗೋಸ್ಕರ ನಮ್ಮ ಮೇಡಂ ಯಾಕ್ರೀ ಓಡಾಡ್ಬೇಕು ಅಂತ ಕೇಳ್ತಾ ಇದಾರೆ. ಮುಂದಿನ ತಿಂಗ್ಳು ಮಸೂದೆ ಸಮಿತಿ ಮುಂದೆ ಬರತ್ತೆ. ಒಂದು ವೋಟು ಆಚೆ ಈಚೆ ಆದ್ರೂ ಬಿದ್ದೋಗತ್ತೆ. ಆ ಒಂದು ವೋಟೇ ಇವ್ರು."

ಬಾಗಿಲ ಹತ್ತಿರ ನಿಂತಿದ್ದ ಶರೀಫನ ಕಡೆ ಯಾರೂ ನೋಡಲಿಲ್ಲ. ಅವನ ವೀಸಾಕ್ಕಿದ್ದ ಆರು ವರ್ಷದ ಗಡುವು ಜನವರಿಗೆ ಮುಗಿಯುತ್ತಿತ್ತು. ಗ್ರೀನ್ ಕಾರ್ಡಿನ ಕಡತ ಯಾವುದೋ ಕಚೇರಿಯಲ್ಲಿ ನಿದ್ದೆ ಮಾಡುತ್ತಿತ್ತು. ಕಡತ ಸರದಿಯಲ್ಲಿರುವವರು ಕಾರ್ಡು ಕೈಗೆ ಬರುವವರೆಗೂ ಇಲ್ಲೇ ಇರಬಹುದು ಎನ್ನುವುದೇ ಈ ಹೊಸ ಮಸೂದೆ. ಅದು ಬಿದ್ದರೆ ಗಂಡ ಹೆಂಡತಿ ಮಗಳು ಮೂವರೂ ಮನೆ ಖಾಲಿ ಮಾಡಿ ವಿಮಾನ ಹತ್ತಬೇಕು.

"ಸಿಂಪಲ್ಲು," ವೆಂಕಟಾಚಲ ಧ್ವನಿ ತಗ್ಗಿಸಿದ. "ಪ್ರಿಂಟಿಂಗ್ ಮಿಸ್ಟೇಕ್ ಅಂತ ಹೇಳೋಣ. ತೊಂಬತ್ತೈದು ಅಂತ ತಿದ್ದಿ ಮತ್ತೆ ಹಾಕೋಣ. ಪಟ್ಟಿ ಮೇಲೆ ನಿಮ್ಮ ಹೆಸರಿದೆಯಲ್ಲ ಟೀಚರ್, ನೀವು ಹೂಂ ಅಂದ್ರೆ ಆಯ್ತು."

"ಪ್ರಿಂಟಿಂಗ್ ಮಿಸ್ಟೇಕ್ ಅಲ್ಲಲ್ರೀ ಅದು," ಎಂದಳು ಪರ್ವೀನ್. "ಆಕಿ ಬರದದ್ದ ಅಷ್ಟು."

ಮನೆಯಲ್ಲಿ ಆ ಗಂಡ ಹೆಂಡತಿಯದು ಉರ್ದು. ಜಗಳಕ್ಕೆ ಮಾತ್ರ ಕನ್ನಡ. ಕನ್ನಡದಲ್ಲಾದರೆ ಪರ್ವೀನ್ ಸೋಲುತ್ತಿರಲಿಲ್ಲ. ಬೆಂಗಳೂರಿನ ಶರೀಫನಿಗೆ ಇದು ಗೊತ್ತಿದ್ದೂ ಅಂದು ಮನೆಗೆ ಹೊರಟ ಕಾರು ಫ್ರೀವೇ ಹತ್ತುತ್ತಲೇ ಅವನೇ ಕನ್ನಡಕ್ಕೆ ಇಳಿದ.

"ಒಂದು ನಂಬರ್ ತಾನೇ ಪರ್ವೀನ್? ತೊಂಬತ್ತೈದು ಅಂದುಬಿಟ್ರೆ ಯಾರಪ್ಪನ ಗಂಟು ಹೋಗತ್ತೆ?"

"ನಂದು ಹೋಗತೈತಿ. ಗದಗಿನ್ಯಾಗ ನನ್ನ ತಂಗಿ ಮಗಳಿಗೂ ಅರ್ಧ ಅಂಕ ಹೆಚ್ಚಿಗಿ ಹಾಕಿಲ್ಲ ನಾ."

"ಅದು ಗದಗು. ಇಲ್ಲಿ ನಬೀಲಾ ಸ್ಕೂಲಿದೆ. ಜನವರಿಗೆ ನಾವು ಗಂಟುಮೂಟೆ ಕಟ್ಟಬೇಕಾದ್ರೆ?"

ಪರ್ವೀನ್ ಕಿಟಕಿಯ ಕಡೆ ತಿರುಗಿದಳು. ಗಂಡ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಅವಳಿಗೂ ಭಯವಿತ್ತು. ನಬೀಲಾ ಇಲ್ಲಿ ಹುಟ್ಟಿದ ಮಗುವಿನಷ್ಟೇ ಇಲ್ಲಿಯವಳಾಗಿದ್ದಳು. ಗದಗಿಗೆ ಕರೆದುಕೊಂಡು ಹೋದರೆ ಕನ್ನಡ ಓದಲು ಬಾರದ ಹುಡುಗಿ ಯಾವ ತರಗತಿಯಲ್ಲಿ ಕೂತಾಳು? ಆದರೆ ಈ ದೇಶಕ್ಕೆ ಬಂದಮೇಲೆ ತನ್ನದು ಎಂದು ಅವಳು ಮಾಡಿದ ಕೆಲಸ ಇದೊಂದೇ. ಅದರ ಮೇಲೂ ಬಿಳಿ ಬಣ್ಣ ಬಳಿಯಿರಿ ಎಂದರೆ ಹೇಗೆ?

"ಅಂಕ ತಿದ್ದಂಗಿಲ್ಲ," ಎಂದಳು ಕೊನೆಗೆ. "ಆದ್ರ ಆ ಅಂಕ ಅಂದ್ರ ಏನಂತ ನಾನ ಹೋಗಿ ತಿಳಿಸಿ ಹೇಳ್ತೀನಿ. ನನ್ನ ಕರ್ಕೊಂಡು ಹೋಗ್ರಿ."

"ಕೇಳ್ತಾರಾ ಅವ್ರು?"

"ನನ್ನ ಕ್ಲಾಸಿನ್ಯಾಗ ಕೇಳಲಾರದವ್ರು ಯಾರೂ ಇರಲಿಲ್ಲ."

ಹಿಂದಿನ ಸೀಟಿನಿಂದ ನಬೀಲಾ, "ಗೋ ಅಮ್ಮಿ!" ಎಂದಳು. ಶರೀಫ್ ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತ ಕೂತವನು, ಸ್ವಲ್ಪ ದೂರ ಹೋದ ಮೇಲೆ, ಗುರುವಾರ ಮೆನ್ಲೋ ಪಾರ್ಕಿನ ತನ್ನ ಆಫೀಸಿಗೆ ಅರ್ಧ ದಿನ ರಜೆ ಹಾಕುತ್ತೇನೆ ಎಂದ.

ಫರ್ಟಾಡೋ ಅವರ ಕಚೇರಿ ಒಂದು ಡೋನಟ್ ಅಂಗಡಿಗೂ ಬಟ್ಟೆ ಒಗೆಯುವ ಅಂಗಡಿಗೂ ನಡುವೆ ಇತ್ತು. ವೆಂಕಟಾಚಲ ಮದುವೆಗೆ ಹಾಕುವ ಸೂಟಿನಲ್ಲಿ ಬಂದಿದ್ದ. ಒಳಗೆ ಬೋಳುತಲೆಯ ಸಹಾಯಕನೊಬ್ಬ ಇವರನ್ನು ಕೂರಿಸಿ, ಕುಡಿಯಲು ನೀರು ಬೇಕೇ ಎಂದೂ ಕೇಳದೆ, ಆ ಕರಪತ್ರವನ್ನು ಮೇಜಿನ ಮೇಲಿಟ್ಟ. ಅರವತ್ತು ದಾಟಿದ ಫರ್ಟಾಡೋ ಮೇಜಿನ ಕೆಳಗೆ ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಕೂತಿದ್ದರು. ಪರ್ವೀನಳಿಗೆ ಅದು ಯಾಕೋ ಧೈರ್ಯ ಕೊಟ್ಟಿತು. ಅಲ್ಲಿಂದ ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಪರ್ವೀನಳ ಇಂಗ್ಲಿಷು ನಿಧಾನದ್ದು, ಆದರೆ ಒಂದೊಂದು ಪದವೂ ಬೋರ್ಡಿನ ಮೇಲೆ ಬರೆದ ಹಾಗೆ ಸ್ಪಷ್ಟ.

"ಈ ಅಂಕ ಕೊಟ್ಟವರು ಯಾರು?" ಎಂದು ಕೇಳಿದರು ಫರ್ಟಾಡೋ.

"ನಾನು."

"ನಾನು ನಿಮಗೇನು ಅನ್ಯಾಯ ಮಾಡಿದ್ದೆ?"

"ಮೇಡಂ, ನಮ್ಮ ರಾಜ್ಯದಲ್ಲಿ ಮೂವತ್ತೈದಕ್ಕೆ ಪಾಸು. ಐವತ್ತಕ್ಕೆ ಸೆಕೆಂಡ್ ಕ್ಲಾಸು. ಅರವತ್ತಕ್ಕೆ ಫಸ್ಟ್ ಕ್ಲಾಸು. ಮಗಳಿಗೆ ಅರವತ್ತೆರಡು ಬಂದರೆ ಮನೆಯವರು ಓಣಿಗೆಲ್ಲ ಪೇಡೆ ಹಂಚುತ್ತಾರೆ."

ಫರ್ಟಾಡೋ ವೆಂಕಟಾಚಲನ ಕಡೆ ತಿರುಗಿದರು. "ನಿಜವಾ?"

"ನಿಜ ಮೇಡಂ," ಎಂದ ವೆಂಕಟಾಚಲ, ಟೈ ಸಡಿಲಿಸುತ್ತ. "ನಮ್ಮ ಮನೆಯಲ್ಲಿ ಐವತ್ತೆಂಟಕ್ಕೇ ಹಂಚಿದ್ದರು."

ಸಹಾಯಕ ಕೆಮ್ಮಿದ. ಫರ್ಟಾಡೋ ಅವರ ತುಟಿಯ ತುದಿ ಸ್ವಲ್ಪ ಮೇಲಕ್ಕೆ ಹೋಯಿತು. "ಉಳಿದವರಿಗೆ ಎಷ್ಟು ಕೊಟ್ಟಿದ್ದೀರಿ?"

"ನಿಮಗಿಂತ ಹೆಚ್ಚು ಯಾರಿಗೂ ಇಲ್ಲ. ಪಟ್ಟಿಯಲ್ಲಿ ನೀವೇ ಮೊದಲ ರ್‍ಯಾಂಕು."

ಇದೇ ಸಮಯ ಎಂದು ವೆಂಕಟಾಚಲ ಮುಂದಕ್ಕೆ ಬಾಗಿದ. ಬೇಕಾದರೆ ಇಲ್ಲಿಯ ಲೆಕ್ಕಕ್ಕೆ ಹೊಂದಿಸಿ ತೊಂಬತ್ತೈದು ಎಂದು ಮಾಡಿಬಿಡಬಹುದು, ನಾಳೆಯೇ ಮಾಡಬಹುದು ಎಂದ. ಫರ್ಟಾಡೋ ಅವನ ಕಡೆ ನೋಡಲೇ ಇಲ್ಲ. "ಮಾಡುತ್ತೀರಾ?" ಎಂದು ಪರ್ವೀನಳನ್ನೇ ಕೇಳಿದರು.

ಪರ್ವೀನ್ ಗಂಡನ ಕಡೆ ಒಮ್ಮೆ ತಿರುಗಿ, ಮತ್ತೆ ಫರ್ಟಾಡೋ ಅವರ ಕಡೆ ನೋಡಿದಳು.

"ಇಲ್ಲ ಮೇಡಂ."

"ಹಾಗಾದರೆ ಉಳಿದ ಅಂಕ ಯಾಕೆ ಹೋಯಿತು, ಅದನ್ನಾದರೂ ಹೇಳಿ."

"ಹೋದ ವರ್ಷ ಒಂದು ತಿದ್ದುಪಡಿ ಬಂದಿತ್ತು. ವೀಸಾದ ಮೇಲೆ ಬಂದವರ ಹೆಂಡತಿಗೋ ಗಂಡನಿಗೋ ಕೆಲಸ ಮಾಡಲು ಅನುಮತಿ ಕೊಡಬೇಕು ಅಂತ. ನೀವು ಅದರ ಪರವಾಗಿ ಬಹಳ ಚೆನ್ನಾಗಿ ಮಾತಾಡಿದಿರಿ, ನಾನು ಎರಡು ಸಲ ಓದಿದೆ. ಮತಕ್ಕೆ ಹಾಕುವಾಗ ಮಾತ್ರ ನಿಮ್ಮ ಕುರ್ಚಿ ಖಾಲಿ. ಬೇರೆ ಸಂಘದವರು ಗೈರುಹಾಜರಿಯನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನಾನು ತಗೊಂಡೆ. ಬರೆಯದೆ ಬಿಟ್ಟ ಪ್ರಶ್ನೆಗೆ ನಮ್ಮಲ್ಲಿ ಸೊನ್ನೆ." ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದಳು. ಆಗಲಿಲ್ಲ. "ಅದು ನನ್ನ ಪ್ರಶ್ನೆಯಾಗಿತ್ತು ಮೇಡಂ."

ಪಕ್ಕದಲ್ಲಿ ಬಟ್ಟೆ ಒಗೆಯುವ ಮೆಷಿನ್ನುಗಳ ಸದ್ದು ಗೋಡೆಯೊಳಗಿಂದ ಕೇಳುತ್ತಿತ್ತು. ಶರೀಫ್ ಹೆಂಡತಿಯ ಮುಖವನ್ನೇ ನೋಡಿದ. ಇಷ್ಟು ವರ್ಷ ಒಂದು ಸಲವೂ ಅವಳು ಇದನ್ನು ಅವನ ಮುಂದೆ ಬಾಯಿಬಿಟ್ಟು ಹೇಳಿರಲಿಲ್ಲ.

"ನನಗೆ ಎದ್ದು ಹೋಗು ಅಂದರು," ಎಂದರು ಫರ್ಟಾಡೋ. "ನಮ್ಮ ಪಕ್ಷದವರೇ. ಹೂಂ ಅಂದರೆ ಇವರಿಗೆ ಸಿಟ್ಟು, ಉಹೂಂ ಅಂದರೆ ಅವರಿಗೆ. ಕಾರಿಡಾರಿನಲ್ಲಿ ನಿಂತು ಕಾಫಿ ಕುಡಿದೆ. ಪೇಪರಿನವರು ಬರೆಯಲಿಲ್ಲ, ಎದುರಾಳಿಗಳು ಕೇಳಲಿಲ್ಲ. ಯಾರೂ ನೋಡಿಲ್ಲ ಅಂತಲೇ ತಿಳಿದಿದ್ದೆ." ಅವರು ಕರಪತ್ರವನ್ನು ಮಗುಚಿಟ್ಟರು. "ನನ್ನಮ್ಮ ಪೋರ್ಚುಗೀಸರ ದ್ವೀಪದಿಂದ ಬಂದವಳು. ಬಂದ ವಾರವೇ ಪೀಚ್ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಗೆ ಹೋದಳು. ಮನೆಯಲ್ಲೇ ಕೂತಿರು ಅಂದಿದ್ದರೆ ಕಾರ್ಖಾನೆಯನ್ನೇ ಮನೆಗೆ ಎಳೆದು ತರುತ್ತಿದ್ದಳು."

ಆಮೇಲೆ ಇದ್ದಕ್ಕಿದ್ದ ಹಾಗೆ ನಕ್ಕುಬಿಟ್ಟರು. ಹೊಟ್ಟೆ ಕುಣಿಯುವಂಥ ನಗು. "ಸರಿ ಟೀಚರ್. ನಿಮ್ಮಲ್ಲಿ ಮತ್ತೆ ಪರೀಕ್ಷೆ ಬರೆಯಲು ಬಿಡುತ್ತಾರಾ?"

"ಅಕ್ಟೋಬರಿನಲ್ಲಿ ಇರುತ್ತದೆ," ಎಂದಳು ಪರ್ವೀನ್ ಗಂಭೀರವಾಗಿ. "ಅದು ಫೇಲಾದವರಿಗೆ. ನೀವು ಫೇಲಾಗಿಲ್ಲ. ಆದರೂ ಬರೆಯಬಹುದು."

ಅವರು ಯಾವ ಮಾತನ್ನೂ ಕೊಡಲಿಲ್ಲ. ಬಾಗಿಲವರೆಗೆ ಬರಿಗಾಲಲ್ಲೇ ಬಂದು ಪರ್ವೀನಳ ಕೈ ಹಿಡಿದು ಕುಲುಕಿದರು, ಅಷ್ಟೆ. ಆದರೆ ಮುಂದಿನ ವಾರ ಕ್ಷೇತ್ರದ ಮನೆಮನೆಗೆ ಇನ್ನೊಂದು ಕರಪತ್ರ ಬಂತು: 'ಡಿ ಅಲ್ಲ ಸ್ವಾಮಿ, ಫಸ್ಟ್ ಕ್ಲಾಸು! ಟೀಚರ್ ಹತ್ತಿರ ಕೇಳಿ.' ವೆಂಕಟಾಚಲ ಅದರ ಒಂದು ಕಟ್ಟನ್ನೇ ತಂದು ಇಂಡಿಯನ್ ಗ್ರೋಸರಿ ಅಂಗಡಿಗಳಲ್ಲಿ ಕೊತ್ತಂಬರಿ ಸೊಪ್ಪಿನ ಪಕ್ಕ ಇಟ್ಟು ಬಂದ. ತಾನೇ ಆಲೋಚನೆ ಕೊಟ್ಟವನಂತೆ ಎಲ್ಲರ ಹತ್ತಿರ ಹೇಳಿಕೊಂಡೂ ಬಂದ. ಎಲ್ಲರೂ ನಕ್ಕರು, ಒಬ್ಬ ಶರೀಫನನ್ನು ಬಿಟ್ಟು. ಕರಪತ್ರ ಬೇರೆ, ವೋಟು ಬೇರೆ ಎಂದು ಅವನು ಕ್ಯಾಲೆಂಡರನ್ನೇ ನೋಡುತ್ತಿದ್ದ.

ಸಮಿತಿ ಸೇರಿದ್ದು ಅಕ್ಟೋಬರಿನ ಒಂದು ಬೆಳಿಗ್ಗೆ. ಕಷ್ಟವಿದ್ದದ್ದು ಸಮಿತಿಯಲ್ಲೇ, ಅದನ್ನು ದಾಟಿದರೆ ಮುಂದಿನದು ನೀರು ಕುಡಿದಷ್ಟು ಸುಲಭ ಎಂದು ವೆಂಕಟಾಚಲ ಎಲ್ಲರಿಗೂ ಹೇಳಿದ್ದ. ಸಂಸತ್ತಿನ ಕಲಾಪ ತೋರಿಸುವ ಚಾನೆಲ್ಲನ್ನು ನೋಡಲು ಅವನ ಮನೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರ್ವೀನ್ ದೊಡ್ಡ ಪಾತ್ರೆಯ ತುಂಬ ಮಂಡಕ್ಕಿಯ ಗಿರಮಿಟ್ಟು ಕಲಸಿ ತಂದಿದ್ದಳು. ಯಾರೂ ಮುಟ್ಟಲಿಲ್ಲ. ಗುಮಾಸ್ತೆ ಒಬ್ಬೊಬ್ಬರ ಹೆಸರು ಕೂಗುತ್ತಿದ್ದ ಹಾಗೆ 'ಆಯ್', ಅಂದರೆ ಹೂಂ, ಎಂದವರ ಲೆಕ್ಕವನ್ನು ನಿರುಪಮಾ ಬೆರಳು ಮಡಿಚಿ ಹಿಡಿಯುತ್ತಿದ್ದಳು. ನೆಗಡಿಯ ಲೆಕ್ಕ ಹಾಕುವವಳು ಅಂದು ಕಾಫಿ ಲೋಟವನ್ನೂ ಮುಟ್ಟಿರಲಿಲ್ಲ.

"ಮಿಸೆಸ್ ಫರ್ಟಾಡೋ."

"ಆಯ್."

ಮನೆ ಹಾರಿಹೋಗುವಂಥ ಕೂಗು. ಒಂದೇ ಮತದಿಂದ ಮಸೂದೆ ಗೆದ್ದಿತ್ತು. ವೆಂಕಟಾಚಲ ಯಾರನ್ನೋ ತಬ್ಬಿಕೊಂಡು ಸೋಫಾದ ಮೇಲೆ ಬಿದ್ದ. ಶರೀಫ್ ಮಾತ್ರ ಕೂಗಲಿಲ್ಲ. ನೆಲದ ಮೇಲೆ ಕೂತಲ್ಲೇ ನಬೀಲಾಳನ್ನು ಎದೆಗೆ ಒತ್ತಿಕೊಂಡು ಅವಳ ಕೂದಲಲ್ಲಿ ಮುಖ ಹುದುಗಿಸಿದ. "ಅಬ್ಬೂ, ಐ ಕಾಂಟ್ ಬ್ರೀದ್," ಎಂದಳು ನಬೀಲಾ. ಆಮೇಲೆ ಗಿರಮಿಟ್ಟಿಗೆ ನುಗ್ಗಾಟ ಶುರುವಾಯಿತು. ಮೆಣಸಿನಕಾಯಿ ಕಚ್ಚಿದವರು ನೀರಿಗೆ ಓಡಿದರು. ಜನವರಿಯ ಭಾರವೆಲ್ಲ ಇಳಿದು ಮನೆತುಂಬ ಬರೀ ಗದ್ದಲ.

ಟಿ.ವಿ.ಯನ್ನು ಯಾರೂ ಆರಿಸಿರಲಿಲ್ಲ. ಪರ್ವೀನ್ ಅದರ ಮುಂದೆ ಚಾಪೆಯ ಮೇಲೆ ಕೂತೇ ಇದ್ದಳು. ಕೊನೆಯಲ್ಲಿ ಇನ್ನೊಂದು ಚಿಕ್ಕ ಮಸೂದೆ ಇತ್ತು, ವೀಸಾದವರ ಹೆಂಡತಿ ಗಂಡಂದಿರಿಗೆ ಕೆಲಸದ ಅನುಮತಿ ಕೊಡುವುದು. ಅದು ಬೀಳುತ್ತದೆ ಎಂದು ಮೊದಲೇ ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಅದರ ಮಾತೆತ್ತಿರಲಿಲ್ಲ. ಅಧ್ಯಕ್ಷರು ಅದನ್ನು ಓದುತ್ತಿದ್ದ ಹಾಗೆಯೇ ಸದಸ್ಯರು ಒಬ್ಬೊಬ್ಬರಾಗಿ ಕಾಗದ ಜೋಡಿಸಿಕೊಂಡು, ಗಡಿಯಾರ ನೋಡಿಕೊಂಡು, ಹಿಂದಿನ ಬಾಗಿಲಿನಿಂದ ಹೊರಗೆ ಹೋಗತೊಡಗಿದರು. ಬೋಳುತಲೆಯ ಸಹಾಯಕ ಬಂದು ಫರ್ಟಾಡೋ ಅವರ ಕಿವಿಯಲ್ಲಿ ಏನೋ ಹೇಳಿ ಬಾಗಿಲ ಕಡೆ ಕೈ ತೋರಿಸಿದ. ಅವರು ಬೇಡವೆಂದು ತಲೆಯಾಡಿಸಿ, ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.

ಗುಮಾಸ್ತೆ ಹೆಸರು ಕೂಗಿದ. ಉತ್ತರವಿಲ್ಲ. ಇನ್ನೊಂದು ಹೆಸರು. ಉತ್ತರವಿಲ್ಲ. ಒಬ್ಬರು ಬೇಡವೆಂದರು. ಮತ್ತೊಬ್ಬರೂ ಬೇಡವೆಂದರು.

"ಮಿಸೆಸ್ ಫರ್ಟಾಡೋ."

"ಆಯ್," ಎಂದರು ಅವರು, ಮೈಕಿನ ಹತ್ತಿರ ಬಾಗಿ. ಖಾಲಿ ಕುರ್ಚಿಗಳ ನಡುವೆ ಆ ಶಬ್ದ ಬೇಕಾದ್ದಕ್ಕಿಂತ ದೊಡ್ಡದಾಗಿ ಕೇಳಿತು.

ಪರ್ವೀನ್ ತನಗೇ ತಿಳಿಯದೆ ಎದ್ದು ನಿಂತಿದ್ದಳು. ಸೆರಗು ಸರಿಮಾಡಿಕೊಂಡು, ಎರಡೂ ಕೈ ಪಕ್ಕಕ್ಕಿಟ್ಟು, ಟಿ.ವಿ.ಯ ಕಡೆ ನೆಟ್ಟಗೆ ಮುಖಮಾಡಿ, ತರಗತಿಗೆ ಟೀಚರ್ ಬಂದಾಗ ಮಕ್ಕಳು ನಿಲ್ಲುವ ಹಾಗೆ.

"ಅಮ್ಮಿ, ವೈ ಆರ್ ಯು ಸ್ಟ್ಯಾಂಡಿಂಗ್?" ಎಂದಳು ನಬೀಲಾ.

ಗದ್ದಲದ ನಡುವೆ ಶರೀಫ್ ಮೊದಲು ಹೆಂಡತಿಯನ್ನು ನೋಡಿದ, ಆಮೇಲೆ ಟಿ.ವಿ.ಯನ್ನು. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು, ಮಗಳ ಕೈ ಹಿಡಿದುಕೊಂಡು ಬಂದು, ಹೆಂಡತಿಯ ಪಕ್ಕದಲ್ಲಿ ತಾನೂ ನಿಂತ.